ನಾಲ್ಕು ಡೌನಿಗೆ ಒಂದು ಗುಟುಕು

ಫುಟ್‌ಬಾಲ್ ಎಂದೊಡನೆ ಕಾಲು, ಚೆಂಡು, ಗೋಲು ಎಂದು ಹೊರಡುವವರು ಸ್ವಲ್ಪ ತಡೆಯಿರಿ. ನಾನು ಹೇಳಹೊರಟಿರುವುದು ಅಮೆರಿಕದವರ ಫುಟ್‌ಬಾಲ್. ಅಲ್ಲಿ ಚೆಂಡಿಗೆ ಕಾಲು ತಗಲುವುದೇ ಅಪರೂಪ. ಕೈಯಲ್ಲಿ ಅವುಚಿಕೊಂಡು ಓಡುವುದು ಹೆಚ್ಚು. ಚೆಂಡೂ ದುಂಡಗಿಲ್ಲ, ಎರಡೂ ತುದಿ ಚೂಪಾದ ಎಳನೀರಿನ ಹಾಗಿದೆ. ಅದರಲ್ಲೂ ಕಾಲೇಜು ಹುಡುಗರ ಫುಟ್‌ಬಾಲ್. ಅದನ್ನು ಟಿ.ವಿ.ಯಲ್ಲಿ ನೋಡುತ್ತಾ ಅಲ್ಲಿನ ವಿದ್ಯಾರ್ಥಿಗಳು ಆಡುವ ಇನ್ನೊಂದು ಆಟವಿದೆ: ಕುಡಿಯುವ ಆಟ. ಅದರ ಬಗ್ಗೆ ಬರೆಯುತ್ತೇನೆಂದಾಗ ನಮ್ಮ ಸಂಪಾದಕರು ಕನ್ನಡಕ ಮೇಲೇರಿಸಿ, "ರಾಜ್ಯೋತ್ಸವ ಸಂಚಿಕೆಗೆ ಇದೆಲ್ಲಾ ಬೇಕೇನ್ರೀ?" ಎಂದರು. ಬೇಕು ಅಂದೆ. ಯಾಕೆ ಎಂಬುದು ಕೊನೆಗೆ ನಿಮಗೇ ತಿಳಿಯುತ್ತದೆ.

ಮೊದಲು ಚರಿತ್ರೆ. 1869ರ ನವೆಂಬರ್ 6ರಂದು ನ್ಯೂಜೆರ್ಸಿಯಲ್ಲಿ ರಟ್ಗರ್ಸ್ ಮತ್ತು ಪ್ರಿನ್ಸ್‌ಟನ್ ಕಾಲೇಜುಗಳ ಹುಡುಗರು ತಂಡಕ್ಕೆ 25 ಜನರಂತೆ ಸೇರಿ ಆಡಿದ್ದೇ ಈ ಆಟದ ಮೊದಲ ಪಂದ್ಯವೆಂದು ಲೆಕ್ಕ. ರಟ್ಗರ್ಸ್ 6–4ರಿಂದ ಗೆದ್ದಿತು. ಅಂದು ಚೆಂಡನ್ನು ಕೈಯಲ್ಲಿ ಹಿಡಿದು ಓಡುವಂತಿರಲಿಲ್ಲ. ಆ ಬುದ್ಧಿ ಆಮೇಲೆ ಬಂತು. ಟಿ.ವಿ.ಯಲ್ಲಿ ಮೊದಲು ತೋರಿಸಿದ ಕಾಲೇಜು ಪಂದ್ಯ ನ್ಯೂಯಾರ್ಕಿನದು, 1939ರ ಸೆಪ್ಟೆಂಬರ್ 30ರದು. ಫೋರ್ಡಮ್ ತಂಡ ವೇನ್ಸ್‌ಬರ್ಗ್ ತಂಡವನ್ನು 34–7ರಿಂದ ಸೋಲಿಸಿತು. ಆದರೆ ಟಿ.ವಿ.ಯಲ್ಲಿ ತೋರಿಸಿದರೆ ಮೈದಾನಕ್ಕೆ ಯಾರು ಬರುತ್ತಾರೆ ಎಂಬ ಭಯದಿಂದ ಕಾಲೇಜು ಕ್ರೀಡೆಗಳ ಸಂಘಟನೆ ಬಹಳ ಕಾಲ ಪ್ರಸಾರಕ್ಕೆ ಕಡಿವಾಣ ಹಾಕಿತ್ತು. ಒಕ್ಲಹೋಮ ಮತ್ತು ಜಾರ್ಜಿಯ ವಿಶ್ವವಿದ್ಯಾಲಯಗಳು ಕೋರ್ಟಿಗೆ ಹೋದವು. 1984ರ ಜೂನ್ 27ರಂದು ಅಲ್ಲಿನ ಸುಪ್ರೀಂ ಕೋರ್ಟು ಆ ಕಡಿವಾಣವನ್ನು ಕಿತ್ತುಹಾಕಿತು. ಅಂದಿನಿಂದ ಶನಿವಾರ ಮಧ್ಯಾಹ್ನ ಹನ್ನೆರಡಕ್ಕೆ ಶುರುವಾದರೆ ನಡುರಾತ್ರಿಯ ತನಕ ಪಂದ್ಯವೋ ಪಂದ್ಯ. ಹಾಗೆಂದು ಮೈದಾನವೇನೂ ಖಾಲಿಯಾಗಲಿಲ್ಲ. ಮಿಷಿಗನ್ ವಿಶ್ವವಿದ್ಯಾಲಯದ ಮೈದಾನವೊಂದರಲ್ಲೇ ಒಂದು ಲಕ್ಷ ಏಳು ಸಾವಿರಕ್ಕೂ ಮಿಕ್ಕಿ ಜನ ಕೂರಬಹುದು.

ಇನ್ನು ಆಟ. ಮೈದಾನ 100 ಗಜ ಉದ್ದ. ಚೆಂಡು ಸಿಕ್ಕ ತಂಡಕ್ಕೆ ನಾಲ್ಕು ಅವಕಾಶ. ಒಂದೊಂದಕ್ಕೂ ಡೌನ್ ಎಂದು ಹೆಸರು. ಈ ನಾಲ್ಕರೊಳಗೆ 10 ಗಜ ಮುಂದೆ ಹೋದರೆ ಮತ್ತೆ ಹೊಸದಾಗಿ ನಾಲ್ಕು. ಇದಕ್ಕೆ ಫಸ್ಟ್ ಡೌನ್ ಎನ್ನುತ್ತಾರೆ. ಹೋಗದಿದ್ದರೆ ಚೆಂಡು ಎದುರಾಳಿಗೆ. ಚೆಂಡಿನ ಸಮೇತ ಕೊನೆಯ ಗೆರೆ ದಾಟಿದರೆ ಟಚ್‌ಡೌನ್, 6 ಅಂಕ. ಕಂಬಗಳ ನಡುವೆ ಒದ್ದು ಕಳಿಸಿದರೆ 3. ಇಷ್ಟು ತಿಳಿದರೆ ಪಂದ್ಯ ನೋಡಲಿಕ್ಕೆ ಸಾಕು.

ತಮಾಷೆ ಇರುವುದು ಗಡಿಯಾರದಲ್ಲಿ. ಲೆಕ್ಕಕ್ಕೆ ಆಟ 60 ನಿಮಿಷದ್ದು. ಕೂತು ನೋಡಿದರೆ ಮೂರೂವರೆ ಗಂಟೆಯ ಹತ್ತಿರ ಹತ್ತಿರ. ಮುಂದಕ್ಕೆ ಎಸೆದ ಚೆಂಡು ಯಾರ ಕೈಗೂ ಸಿಗದೆ ನೆಲಕ್ಕೆ ಬಿದ್ದರೆ ಗಡಿಯಾರ ನಿಲ್ಲುತ್ತದೆ, ತಪ್ಪಾಯಿತೆಂದು ಹಳದಿ ಬಾವುಟ ಎಸೆದರೆ ನಿಲ್ಲುತ್ತದೆ, ಅಂಪೈರುಗಳು ಮತ್ತೆ ಪರದೆ ನೋಡಲು ಹೋದರೆ ನಿಲ್ಲುತ್ತದೆ. ನಿಂತಾಗಲೆಲ್ಲ ಜಾಹೀರಾತು. ಒಂದು ಡೌನು ಐದಾರು ಸೆಕೆಂಡಿನಲ್ಲಿ ಮುಗಿಯುತ್ತದೆ. ಆಮೇಲೆ ಅರ್ಧ ನಿಮಿಷ ಪಿಸುಮಾತು. ರಾತ್ರಿಯಿಡೀ ಯಕ್ಷಗಾನ ನೋಡಿ ಬಲ್ಲ ನಮ್ಮ ಕರಾವಳಿಯವರಿಗೆ ಇದು ಹೊಸದಲ್ಲ. ಆಟಕ್ಕಿಂತ ಎಡೆಬಿಡುವೇ ಹೆಚ್ಚಾದಾಗ ನೋಡುವವನು ತನ್ನದೇ ಒಂದು ಕಸುಬು ಹುಡುಕಿಕೊಳ್ಳುತ್ತಾನೆ. ಅಲ್ಲಿ ಚರುಮುರಿ, ಇಲ್ಲಿ ಬಿಯರು.

ಕುಡಿಯುವ ಆಟದ ಸೂತ್ರ ಬಹಳ ಸರಳ. ಪಂದ್ಯದಲ್ಲಿ ಪದೇ ಪದೇ ಬರುವ ಸಂಗತಿಗಳ ಒಂದು ಪಟ್ಟಿ. ಪಟ್ಟಿಯಲ್ಲಿದ್ದದ್ದು ಪರದೆಯ ಮೇಲೆ ಬಂದರೆ ಒಂದು ಗುಟುಕು. 1972ರಿಂದ 1978ರ ತನಕ ಅಮೆರಿಕದ ಟಿ.ವಿ.ಯಲ್ಲಿ ಬಾಬ್ ನ್ಯೂಹಾರ್ಟ್ ಅವರ ಹಾಸ್ಯಮಾಲೆ ಬರುತ್ತಿತ್ತು. ಅದರಲ್ಲಿ ಯಾರಾದರೂ "ಹಾಯ್ ಬಾಬ್" ಅಂದರೆ ಸಾಕು, ನೋಡುವ ಹುಡುಗರು ಲೋಟ ಎತ್ತುತ್ತಿದ್ದರು. ಫುಟ್‌ಬಾಲಿನದೂ ಅದೇ ಜಾತಿ. ನಗು ಬರುವುದು ಕುಡಿತದಿಂದಲ್ಲ, ಟಿ.ವಿ.ಯವರ ಹಳೇ ಚಾಳಿಯನ್ನು ಹಿಡಿದುಹಾಕುವುದರಿಂದ. ಈಗ ನಮ್ಮ ಪಟ್ಟಿ ನೋಡಿ:

ವಿವರಣೆಗಾರ "ಮೊಮೆಂಟಮ್" ಎಂದರೆ ಒಂದು ಗುಟುಕು.

ಕೋಚ್ ಮಹಾಶಯರು ಕಾಗದದಿಂದ ಬಾಯಿ ಮುಚ್ಚಿಕೊಂಡು ಗುಟ್ಟು ಹೇಳಿದರೆ ಒಂದು.

ಕೊರೆಯುವ ಚಳಿಯಲ್ಲಿ ಅಂಗಿ ಬಿಚ್ಚಿ, ಎದೆಯ ಮೇಲೆ ಒಂದೊಂದು ಅಕ್ಷರ ಬರೆದುಕೊಂಡ ಹುಡುಗರ ಸಾಲು ಕಂಡರೆ ಒಂದು. ಅವರು ಹಿಂದುಮುಂದಾಗಿ ನಿಂತು ಕಾಗುಣಿತ ಕೆಟ್ಟಿದ್ದರೆ ಎರಡು.

ಜೀವಂತ ಪ್ರಾಣಿ ಬಂದರೆ ಎರಡು. ಟೆಕ್ಸಸ್ಸಿನವರಿಗೆ ಬೀವೋ ಎಂಬ ಉದ್ದ ಕೊಂಬಿನ ಹೋರಿಯಿದೆ, ಜಾರ್ಜಿಯದವರಿಗೆ ಅಗ್ಗ ಎಂಬ ಬುಲ್‌ಡಾಗ್, ಕೊಲರಾಡೊದವರಿಗೆ ರಾಲ್ಫಿ ಎಂಬ ಕಾಡೆಮ್ಮೆ. ರಾಲ್ಫಿ ಮೈದಾನದಲ್ಲಿ ಓಡುತ್ತಾಳೆ. ಹಗ್ಗ ಹಿಡಿದವರು ಅವಳನ್ನು ಓಡಿಸುತ್ತಾರೋ ಅವಳೇ ಅವರನ್ನು ಎಳೆದೊಯ್ಯುತ್ತಾಳೋ ಹೇಳುವುದು ಕಷ್ಟ.

ಪಂದ್ಯಕ್ಕೆ ಮುಂಚಿನ ಕಾರ್ಯಕ್ರಮದಲ್ಲಿ ಲೀ ಕಾರ್ಸೋ ಎಂಬ ಹಿರಿಯರು ಗೆಲ್ಲುವ ತಂಡದ ಗೊಂಬೆಯ ತಲೆಯನ್ನು ತಾವೇ ಹಾಕಿಕೊಂಡು ಭವಿಷ್ಯ ಹೇಳುತ್ತಿದ್ದರು. 1996ರಲ್ಲಿ ಶುರುವಾದ ಈ ಪದ್ಧತಿಯನ್ನು 2025ರ ಆಗಸ್ಟಿನಲ್ಲಿ ನಿವೃತ್ತರಾಗುವವರೆಗೂ ಬಿಡಲಿಲ್ಲ. ಅವರ ನೆನಪಿಗೆ ಮೊದಲ ಗುಟುಕು.

ಪಂದ್ಯ ಮುಗಿಯುವ ಮೊದಲೇ ಬ್ಯಾಂಡಿನವರು ಮೈದಾನಕ್ಕೆ ನುಗ್ಗಿದರೆ ಇಡೀ ಲೋಟ ಖಾಲಿ. ಇದು ಬರೀ ಕಲ್ಪನೆಯಲ್ಲ ಸ್ವಾಮಿ. 1982ರ ನವೆಂಬರ್ 20ರಂದು ಸ್ಟ್ಯಾನ್‌ಫರ್ಡ್ 20–19ರಿಂದ ಮುಂದಿತ್ತು, ಉಳಿದದ್ದು 4 ಸೆಕೆಂಡು. ಗೆದ್ದೆವೆಂದು ಅವರ ಬ್ಯಾಂಡು ಒಳಗೆ ಬಂತು. ಕ್ಯಾಲಿಫೋರ್ನಿಯದ ಹುಡುಗರು ಚೆಂಡನ್ನು ಕೈಯಿಂದ ಕೈಗೆ ಹಿಂದಕ್ಕೆ ಎಸೆಯುತ್ತಾ, ಬ್ಯಾಂಡಿನ ನಡುವೆಯೇ ಓಡಿ, ಕೊನೆಗೆ ಒಬ್ಬ ಟ್ರೊಂಬೋನ್ ವಾದಕನಿಗೆ ಡಿಕ್ಕಿ ಹೊಡೆದು 25–20ರಿಂದ ಗೆದ್ದರು.

ಇಲ್ಲಿಗೆ ನಗು ಸಾಕು. ಈಗ ಗಣಿತ.

ಈ ಪಟ್ಟಿ ನಮ್ಮ ಎರಡನೆಯ ಪಟ್ಟಿ. ಮೊದಲನೆಯದನ್ನು ಒಹಾಯೋದಲ್ಲಿ ಓದುತ್ತಿದ್ದ ನನ್ನ ದೊಡ್ಡಪ್ಪನ ಮಗ ಕಳಿಸಿದ್ದ. 2023ರ ಅಕ್ಟೋಬರಿನ ಒಂದು ಶನಿವಾರ ಪುಣೆಯ ನಮ್ಮ ಕೋಣೆಯಲ್ಲಿ ಏಳು ಜನ ಸೇರಿದ್ದೆವು. ಅಲ್ಲಿನ ಮಧ್ಯಾಹ್ನ ಹನ್ನೆರಡು ಅಂದರೆ ನಮಗೆ ರಾತ್ರಿ ಒಂಬತ್ತೂವರೆ. ಪಟ್ಟಿ ಓದುವ ಕೆಲಸ ನನ್ನದು. ಅದರ ಮೊದಲ ನಿಯಮ: ಪ್ರತಿ ಫಸ್ಟ್ ಡೌನಿಗೂ ಒಂದು ಗುಟುಕು.

ಒಂದು ಪಂದ್ಯದಲ್ಲಿ ಎರಡೂ ತಂಡ ಸೇರಿ ನಲವತ್ತರ ಸುಮಾರು ಫಸ್ಟ್ ಡೌನ್ ಆಗುತ್ತವೆ. ಗುಟುಕಿಗೆ 30 ಮಿ.ಲೀ. ಎಂದರೆ 1200 ಮಿ.ಲೀ. ಅಮೆರಿಕದ ಬಿಯರ್ ಕ್ಯಾನು 355 ಮಿ.ಲೀ., ಅದರಲ್ಲಿ ಮದ್ಯಸಾರ ಶೇಕಡಾ 5. ಅಂದರೆ ಮೂರೂವರೆ ಗಂಟೆಗೆ ಮೂರೂವರೆ ಕ್ಯಾನು. ಅಂಥ ಒಂದು ಕ್ಯಾನಿನಲ್ಲಿ ಸುಮಾರು 14 ಗ್ರಾಂ ಶುದ್ಧ ಮದ್ಯಸಾರ. ಅಷ್ಟನ್ನು ಕರಗಿಸಲು ಲಿವರಿಗೆ ಹೆಚ್ಚುಕಡಿಮೆ ಒಂದು ಗಂಟೆ ಬೇಕು. ಆ ಪಟ್ಟಿ ಮಾಡಿದವನು ಈ ಲೆಕ್ಕದ ಮೇಲೆ ಮಾಡಿದ್ದ. ನಮ್ಮ ಲೋಟದಲ್ಲಿದ್ದದ್ದು ಬಿಯರಲ್ಲ, ಅರ್ಧ ರಮ್ಮು ಅರ್ಧ ಕೋಲಾ. ನಮ್ಮಲ್ಲಿ ಮಾರುವ ರಮ್ಮು ಶೇಕಡಾ 42.8. ನಮ್ಮ ಒಂದು ಗುಟುಕು ಅವರ ನಾಲ್ಕು ಗುಟುಕಿಗೂ ಮಿಗಿಲು. ಅರ್ಧ ಪಂದ್ಯ ಮುಗಿಯುವುದರೊಳಗೆ 20 ಗುಟುಕು, ಎಂದರೆ 300 ಮಿ.ಲೀ. ರಮ್ಮು, ಎಂದರೆ ಏಳು ಕ್ಯಾನಿನ ಮದ್ಯಸಾರ ಎರಡು ಗಂಟೆಯೊಳಗೆ. ಎರಡು ಗಂಟೆಯಲ್ಲಿ ಗಂಡಸರಿಗೆ ಐದು, ಹೆಂಗಸರಿಗೆ ನಾಲ್ಕು ಮುಟ್ಟಿದರೇ ಅಪಾಯವೆಂದು ಅಮೆರಿಕದ ಆರೋಗ್ಯ ಇಲಾಖೆಯವರು ಹೇಳುತ್ತಾರೆ. ಬಿ.ಎಸ್ಸಿ. ಓದುತ್ತಿದ್ದ ಏಳು ಜನರಲ್ಲಿ ಒಬ್ಬನೂ ಈ ಗುಣಾಕಾರ ಮಾಡಲಿಲ್ಲ.

ನಾವು ಆರು ಜನ ಕಳ್ಳರು; ಗುಟುಕೆಂದು ತುಟಿ ಒದ್ದೆ ಮಾಡಿಕೊಂಡೆವು. ಏಳನೆಯವನು ಫಸ್ಟ್ ಇಯರಿನವನು, ಗದಗದ ಕಡೆಯ ಹುಡುಗ. ಸೀನಿಯರುಗಳ ಮಾತು ಅಂತ ಪ್ರತಿ ನಿಯಮವನ್ನೂ ಪ್ರಾಮಾಣಿಕವಾಗಿ ಪಾಲಿಸಿದ. ಅರ್ಧಸಮಯಕ್ಕೆ ಗೋಡೆಗೊರಗಿ ಕಣ್ಣು ಮುಚ್ಚಿದ. "ಮಲಗಲಿ ಬಿಡ್ರೋ, ಬೆಳಿಗ್ಗೆ ಸರಿಹೋಗ್ತಾನೆ" ಎಂದವನು ಬೇರೆ ಯಾರೂ ಅಲ್ಲ, ನಾನೇ.

ಆ ಮಾತೇ ಅತ್ಯಂತ ಅಪಾಯದ್ದು ಎಂದು ಆಮೇಲೆ ಕಲಿತೆ. ಕುಡಿಯುವುದು ನಿಂತರೂ ಹೊಟ್ಟೆಯಲ್ಲಿದ್ದದ್ದು ರಕ್ತಕ್ಕೆ ಸೇರುತ್ತಲೇ ಇರುತ್ತದೆ. ಅಂಗಾತ ಮಲಗಿದವನು ವಾಂತಿ ಮಾಡಿದರೆ ಅದು ಶ್ವಾಸಕ್ಕೆ ಹೋಗಬಹುದು. ಕರೆದರೂ ಅಲುಗಿಸಿದರೂ ಏಳದಿದ್ದರೆ, ಉಸಿರು ನಿಮಿಷಕ್ಕೆ ಎಂಟಕ್ಕಿಂತ ಕಡಿಮೆಯಾದರೆ, ಎರಡು ಉಸಿರಿನ ನಡುವೆ 10 ಸೆಕೆಂಡು ಕಳೆದರೆ, ಮೈ ತಣ್ಣಗಾಗಿ ತುಟಿ ನೀಲಿಯಾದರೆ, ತಕ್ಷಣ 108ಕ್ಕೆ ಫೋನು. ಅಷ್ಟರಲ್ಲಿ ಒಂದು ಮಗ್ಗುಲಿಗೆ ಮಲಗಿಸಿ, ಬಿಟ್ಟು ಕದಲಬೇಡಿ. ಕಾಫಿ ಕುಡಿಸುವುದು, ತಲೆಗೆ ತಣ್ಣೀರು ಸುರಿಯುವುದು ಯಾವುದೂ ಬೇಡ. ಇಳಿಸುವುದು ಹೊತ್ತು ಮಾತ್ರ.

ನಮ್ಮ ಪುಣ್ಯಕ್ಕೆ ಒಬ್ಬನಿಗೆ ಸಂಶಯ ಬಂದು ಎಬ್ಬಿಸಲು ಹೋದ. ಏಳಲಿಲ್ಲ. ರಾತ್ರಿ ಹನ್ನೆರಡಕ್ಕೆ ಹೊತ್ತುಕೊಂಡು ಮೂರು ಮಹಡಿ ಇಳಿದು ರಿಕ್ಷಾದಲ್ಲಿ ಆಸ್ಪತ್ರೆಗೆ ಒಯ್ದೆವು. ಬೆಂಚಿನ ಮೇಲೆ ಬೆಳಗಾಯಿತು. ಅವನ ಅವ್ವನಿಗೆ ಫೋನಿನಲ್ಲಿ ಏನು ಹೇಳಬೇಕು ಎಂದು ನಾನು ಮನಸ್ಸಿನಲ್ಲಿ ಹತ್ತು ಸಲ ವಾಕ್ಯ ಕಟ್ಟಿದೆ, ಒಂದೂ ಪೂರ್ತಿಯಾಗಲಿಲ್ಲ. ಮಧ್ಯಾಹ್ನ ಕಣ್ಣುಬಿಟ್ಟವನು ನನ್ನ ಮುಖ ನೋಡಿ ಕೇಳಿದ್ದು ಒಂದೇ ಮಾತು: "ಅಣ್ಣಾ, ಮ್ಯಾಚ್ ಯಾರ್ ಗೆದ್ರು?"

ಏಳು ಜನರಲ್ಲಿ ಒಬ್ಬರಿಗೂ ಗೊತ್ತಿರಲಿಲ್ಲ.

ಈಗ ಎರಡನೆಯ ಪಟ್ಟಿಗೆ ಎರಡು ತಿದ್ದುಪಡಿ ಇದೆ. ಒಂದು, ಫಸ್ಟ್ ಡೌನಿನಂಥ ಪದೇ ಪದೇ ಬರುವುದು ಪಟ್ಟಿಯಲ್ಲಿ ಇರಕೂಡದು. ಎರಡು, ಲೋಟದಲ್ಲಿ ಏನಿದೆ ಎಂದು ಯಾರೂ ಯಾರನ್ನೂ ಕೇಳಕೂಡದು. ಈ ಎರಡನೆಯದು ನಮ್ಮ ಕಂಡುಹಿಡಿತವೇನಲ್ಲ. ಪ್ಲೇಟೋನ ಪಾನಗೋಷ್ಠಿಯಲ್ಲೂ ಹಿಂದಿನ ರಾತ್ರಿಯ ಅಮಲು ಇಳಿಯದ ಅತಿಥಿಗಳು, ಇವತ್ತು ಬಲವಂತವಿಲ್ಲ, ಅವರವರಿಗೆ ಬೇಕಾದಷ್ಟು ಎಂದು ಒಪ್ಪಿಕೊಂಡೇ ಮಾತಿಗೆ ಕೂರುತ್ತಾರೆ. ಮಾತು ಚೆನ್ನಾಗಿ ಬಂದದ್ದು ಆಮೇಲೆ.

ಕಾನೂನಿನ ಮಾತೂ ಇದೆ. ಕೋರ್ಟು ಟಿ.ವಿ.ಯ ಬಾಗಿಲು ತೆರೆದ ಇಪ್ಪತ್ತೇ ದಿನಕ್ಕೆ, 1984ರ ಜುಲೈ 17ರಂದು, 21 ವರ್ಷಕ್ಕೆ ಮುಂಚೆ ಮದ್ಯ ಮಾರುವ ರಾಜ್ಯಗಳಿಗೆ ರಸ್ತೆ ಅನುದಾನ ಕಡಿತ ಎಂಬ ಕಾನೂನು ಅಲ್ಲಿ ಬಂತು. ಹಾಗಾಗಿ ಆ ಕಾಲೇಜುಗಳ ಹೆಚ್ಚಿನ ವಿದ್ಯಾರ್ಥಿಗಳಿಗೇ ಈ ಆಟ ಕಾನೂನುಬಾಹಿರ. ನಾವಿರುವ ಮಹಾರಾಷ್ಟ್ರದಲ್ಲಿ ಬಿಯರಿಗೆ 21, ರಮ್ಮಿಗೆ 25, ಮೇಲೆ ಪರವಾನಗಿ ಬೇರೆ. ಅಂದಮೇಲೆ ಈ ಪತ್ರಿಕೆಯ ಬಹುಪಾಲು ಓದುಗರು ಕಾನೂನಿನ ಪ್ರಕಾರ ಚಹಾ ಕುಡಿಯತಕ್ಕವರು.

ನಾವೂ ಈಗ ಅದನ್ನೇ ಕುಡಿಯುವುದು. ಪಕ್ಕದ ಅಮೃತತುಲ್ಯದಿಂದ ಶನಿವಾರ ರಾತ್ರಿ ಥರ್ಮಾಸಿನಲ್ಲಿ ತರುತ್ತೇವೆ. "ಮೊಮೆಂಟಮ್" ಎಂದಾಗ ಏಳೂ ಜನ ಒಟ್ಟಿಗೆ ಕೂಗಿ ಲೋಟ ಎತ್ತುವುದು ಹಾಗೇ ಇದೆ, ನಗುವೂ ಒಂದು ಗುಟುಕು ಕಡಿಮೆಯಾಗಿಲ್ಲ. ಪಟ್ಟಿ ಓದುವ ಕೆಲಸವನ್ನು ಮಾತ್ರ ನಾನು ಆ ಗದಗದ ಹುಡುಗನಿಗೆ ಕೊಟ್ಟುಬಿಟ್ಟಿದ್ದೇನೆ. ಅವನು ಬಲು ಪ್ರಾಮಾಣಿಕ. ಪಂದ್ಯ ಮುಗಿದ ಮೇಲೆ ಗೆದ್ದವರು ಯಾರೆಂದು ಎಲ್ಲರಿಂದಲೂ ಹೇಳಿಸಿಯೇ ದೀಪ ಆರಿಸುತ್ತಾನೆ.