ಕಲ್ಲಿನ ದೂಳೂ ಕ್ಷಯದ ಕ್ರಿಮಿಯೂ

ಬಾದಾಮಿಯ ಮರಳುಗಲ್ಲನ್ನೂ ಇಳಕಲ್ಲಿನ ಕೆಂಪು ಗ್ರಾನೈಟನ್ನೂ ಕಂಡು ಮೆಚ್ಚದವರು ವಿರಳ. ಆದರೆ ಹುನಗುಂದ, ಬಾಗಲಕೋಟೆಗಳ ಕಡೆ ಕಲ್ಲು ಕೊರೆದು ಬಾಳುವ ಮನೆಗಳವರು ಅರಿಯಬೇಕಾದ ಸಂಗತಿಯೊಂದುಂಟು. ಕಲ್ಲಿನ ದೂಳಿನಲ್ಲಿರುವ ಸಿಲಿಕವು ಶ್ವಾಸಕೋಶವನ್ನು ಕಾಯುವ ಜೀವಕಣಗಳನ್ನೇ ಕೆಡಿಸುತ್ತದೆ. ಆದುದರಿಂದ ಅವರಿಗೆ ಕ್ಷಯದ ಭಯ ಇತರರಿಗಿಂತ ಹೆಚ್ಚು.

ಈ ಕಾವಲು ಕಣಗಳು ಒಳಹೊಕ್ಕ ಕ್ರಿಮಿಗಳನ್ನು ನುಂಗಿ, ಹೈಡ್ರೋಜನ್ ಪೆರಾಕ್ಸೈಡ್ ಮೊದಲಾದ ವಿಷಗಳಿಂದ ಕೊಲ್ಲುತ್ತವೆ. 1882ರಲ್ಲಿ ರಾಬರ್ಟ್ ಕೋಖ್ ಪಂಡಿತನು ಲೋಕಕ್ಕೆ ತೋರಿದ ಕ್ಷಯದ ಕ್ರಿಮಿಯಾದರೋ ಅಷ್ಟು ಸುಲಭವಾಗಿ ಸಾಯುವುದಿಲ್ಲ. ಅದರ ಕೆಲವು ಕಿಣ್ವಗಳು ಜೀವಕಣದ ಜೀರ್ಣರಸವು ತನ್ನ ಬಳಿಗೆ ಬಾರದಂತೆ ತಡೆಯುತ್ತವೆ. ಕ್ಯಾಟಲೇಸ್ ಎಂಬ ಕಿಣ್ವವು ಆ ಪೆರಾಕ್ಸೈಡನ್ನು ಬರಿಯ ನೀರೂ ಆಮ್ಲಜನಕವೂ ಆಗುವಂತೆ ಒಡೆದುಬಿಡುತ್ತದೆ. ಹೀಗೆ ನುಂಗಿದವನ ಹೊಟ್ಟೆಯಲ್ಲಿಯೇ ಮನೆಮಾಡಿ ವರ್ಷಗಟ್ಟಲೆ ಕುಳಿತಿರಬಲ್ಲ ಜಾಣ ಶತ್ರುವಿದು!

ನಮಗೆ ಸೋಜಿಗವೆನಿಸುವುದು ಇನ್ನೊಂದು. 1952ರಿಂದ ಬಳಕೆಗೆ ಬಂದ ಐಸೋನಿಯಾಜಿಡ್ ಗುಳಿಗೆಯು ತಾನಾಗಿ ಕ್ರಿಮಿಯನ್ನು ಕೊಲ್ಲಲಾರದು. ಕ್ರಿಮಿಯ ಕ್ಯಾಟಲೇಸೇ ಅದನ್ನು ವಿಷವಾಗಿ ಮಾರ್ಪಡಿಸುತ್ತದೆ. ಗುರಾಣಿಯೇ ಕತ್ತಿಯಾಗುವ ಈ ಗುಟ್ಟು ಬಯಲಾದದ್ದು 1992ರಲ್ಲಿ. ಆದರೆ ಅಸಂಖ್ಯ ಕ್ರಿಮಿಗಳಲ್ಲಿ ಎಲ್ಲೋ ಕೆಲವಕ್ಕೆ ಆ ಕಿಣ್ವ ಕೆಟ್ಟಿರುತ್ತದೆ. ಅವುಗಳಿಗೆ ಈ ಗುಳಿಗೆ ನಾಟದು. ಅದಕ್ಕೆಂದೇ ವೈದ್ಯರು ನಾಲ್ಕು ಬಗೆಯ ಔಷಧಗಳಿಂದ ಆರಂಭಿಸಿ ಸಾಮಾನ್ಯವಾಗಿ ಆರು ತಿಂಗಳ ಚಿಕಿತ್ಸೆ ವಿಧಿಸುತ್ತಾರೆ. ಕೆಮ್ಮು ನಿಂತಿತೆಂದು ನಡುವೆ ಬಿಟ್ಟರೆ ಮದ್ದಿಗೆ ಬಗ್ಗದ ಕ್ರಿಮಿಗಳೇ ಬೆಳೆದು, ಮನೆಯ ಮಕ್ಕಳಿಗೂ ಹರಡಬಹುದು.

ಕೊರೆಯುವಾಗ ಕಲ್ಲಿಗೆ ನೀರು ಬಿಟ್ಟರೆ ದೂಳು ತಗ್ಗುತ್ತದೆ. ಎರಡು ವಾರ ಮೀರಿದ ಕೆಮ್ಮಿಗೆ ಕಫದ ಪರೀಕ್ಷೆಯೂ, ರೋಗವಿದ್ದರೆ ಗುಳಿಗೆಗಳೂ ಸರಕಾರಿ ಆಸ್ಪತ್ರೆಗಳಲ್ಲಿ ಉಚಿತವಾಗಿ ದೊರೆಯುತ್ತವೆ.