ಕೇದರ ಮೀನಿಗೆ ಐಸ್ ಯಾಕೆ ಅಷ್ಟು ಮುಖ್ಯ?

ಇಟ್ಟಿಗಿ, ಹಡಗಲಿ ಕಡೆಯವರಿಗೆ ಮೀನು ಅಂದ್ರೆ ತುಂಗಭದ್ರೆಯ ಕಟ್ಲಾ, ರೋಹು. ಇವತ್ತು ಸಮುದ್ರದ ಮೀನಿನ ಮಾತು. ಟ್ಯೂನಾಗೆ ನಮ್ಮ ಕರಾವಳಿಯಲ್ಲಿ ಕೇದರ ಅಂತಾರೆ. ಮಲ್ಪೆ, ಮಂಗಳೂರಿನ ಆಳಸಮುದ್ರ ಬೋಟುಗಳು ಹೊರಟರೆ ದಡಕ್ಕೆ ಬರೋಕೆ ವಾರಕ್ಕಿಂತ ಹೆಚ್ಚೇ ಆಗಬಹುದು. ಅಲ್ಲಿವರೆಗೆ ಮೀನು ಕಾಯೋದು ಐಸ್.

ಕೇದರಕ್ಕೆ ಈ ಅವಸರ ಇನ್ನೂ ಜಾಸ್ತಿ. ಯಾಕೆ? ಹೆಚ್ಚಿನ ಮೀನುಗಳ ಮೈ ನೀರಿನಷ್ಟೇ ತಣ್ಣಗಿರುತ್ತೆ. ಟ್ಯೂನಾ ಹಾಗಲ್ಲ. ಸದಾ ಈಜುವ ಅದರ ಸ್ನಾಯುಗಳು ನೀರಿಗಿಂತ ಬೆಚ್ಚಗಿರುತ್ತವೆ. ಮಾಂಸದಲ್ಲಿ ಹಿಸ್ಟಿಡಿನ್ ಅನ್ನೋ ಅಂಶವೂ ಹೆಚ್ಚು. ಸತ್ತ ಮೇಲೆ ತಂಪು ಸಿಗದಿದ್ರೆ ಬ್ಯಾಕ್ಟೀರಿಯಾಗಳು ಅದನ್ನ ಹಿಸ್ಟಮಿನ್ ಮಾಡಿಬಿಡುತ್ತವೆ. ಅದಕ್ಕೇ ಅಮೆರಿಕದ ಪಶ್ಚಿಮ ತೀರದಲ್ಲಿ ಬಾಡಿಗೆ ಬೋಟಲ್ಲಿ ಹೋಗಿ ಅಲ್ಬಕೋರ್ ಟ್ಯೂನಾಗೆ ಗಾಳ ಹಾಕೋರೂ ಮೀನು ಸಿಕ್ಕ ಕೂಡಲೇ ರಕ್ತ ಬಸಿದು ಐಸ್‌ಗೆ ಹಾಕ್ತಾರೆ.

ಹಿಸ್ಟಮಿನ್ ಹೆಚ್ಚಾದ ಮೀನು ತಿಂದರೆ ಮುಖ ಕೆಂಪಾಗುತ್ತೆ, ತುರಿಕೆ, ತಲೆನೋವು, ವಾಂತಿ ಬರಬಹುದು. ಕುದಿಸಿದರೂ ಹುರಿದರೂ ಅದು ಹೋಗಲ್ಲ. ಕೆಟ್ಟ ವಾಸನೆ ಬಂದೇ ಬರುತ್ತೆ ಅಂತಲೂ ಇಲ್ಲ.

ಹಾಗಾಗಿ ಕಡಲಿಂದ ಇಷ್ಟು ದೂರದ ಊರಲ್ಲಿ ಕೇದರ ಕೊಳ್ಳುವಾಗ ರೇಟ್ ಕೇಳೋ ಮೊದಲು ಐಸ್ ನೋಡಿ. ಮೀನು ಐಸ್‌ನಲ್ಲಿ ಹೂತಿರಬೇಕು, ಮೇಲೆ ನಾಲ್ಕು ಚೂರು ಹಾಕಿದ್ರೆ ಸಾಲದು. ತಿಂದ ಮೇಲೆ ಉಸಿರಾಟ ಕಷ್ಟವಾದರೆ ತಡ ಮಾಡದೆ 108ಕ್ಕೆ ಕರೆ ಮಾಡಿ.