ಅರೆ ಜಲಕೃಷಿಯ ಆರ್ಕಿಡ್‌ಗಳಿಗೆ ನೀರು ಮತ್ತು ಗೊಬ್ಬರ

ಮುಂಗಾರು ಹಿಡಿಯುವ ಹೊತ್ತಿಗೆ ಮಲೆನಾಡಿನ ಮರಗಳ ಕೊಂಬೆಯಿಂದ ಜೋತುಬಿದ್ದು ಅರಳುವ ಸೀತಾಳೆ ದಂಡೆಯನ್ನು ನೀವು ನೋಡಿರಬಹುದು. ಅದೂ ಒಂದು ಆರ್ಕಿಡ್. ಅದರ ಬೇರು ಮಣ್ಣನ್ನು ಮುಟ್ಟುವುದಿಲ್ಲ. ಎಲೆಗಳ ಮೇಲಿಂದ ತೊಟ್ಟಿಕ್ಕಿ ತೊಗಟೆಯ ಗುಂಟ ಇಳಿಯುವ ಮಳೆನೀರೇ ಅದಕ್ಕೆ ಆಧಾರ. ಆ ನೀರಿನಲ್ಲಿ ಕರಗಿರುವ ಲವಣ ಅತ್ಯಲ್ಪ. ಮಾರುಕಟ್ಟೆಗಾಗಿ ಬೆಳೆಯುವ ಡೆಂಡ್ರೋಬಿಯಂ, ಫೆಲನಾಪ್ಸಿಸ್ ಮುಂತಾದವುಗಳೂ ಹೀಗೆ ಮರದ ಮೇಲೆ ಬದುಕುವ ಗುಂಪಿಗೆ ಸೇರಿದವು. ಈ ಒಂದು ಸಂಗತಿಯನ್ನು ಮನಸ್ಸಿನಲ್ಲಿಟ್ಟುಕೊಂಡರೆ, ಮುಂದೆ ಹೇಳುವುದೆಲ್ಲವೂ ಸುಲಭವಾಗಿ ತಿಳಿಯುತ್ತದೆ.

ಇತ್ತೀಚಿನ ವರ್ಷಗಳಲ್ಲಿ ನೆರಳು ಪರದೆಯ ಮನೆಗಳಲ್ಲಿ ಅರೆ ಜಲಕೃಷಿ ವಿಧಾನದಿಂದ ಆರ್ಕಿಡ್ ಬೆಳೆಯಲು ಹಲವರು ಮುಂದಾಗಿದ್ದಾರೆ. ಕುಂಡ, ಸಸಿ, ಪರದೆ ಎಲ್ಲಕ್ಕೂ ಹಣ ಹಾಕಿದ ಮೇಲೆ, ಆರೇಳು ತಿಂಗಳಲ್ಲಿ ಬೇರಿನ ತುದಿ ಕಪ್ಪಾಗಿ ಗಿಡ ಸೊರಗಿದರೆ ರೋಗವೆಂದು ಭಾವಿಸಿ ಔಷಧಿ ಸಿಂಪಡಿಸುವವರುಂಟು. ಆದರೆ ಬಹಳ ಸಲ ದೋಷವಿರುವುದು ನೀರಿನಲ್ಲಿ. ಸಸಿ ಕೊಳ್ಳುವ ಮೊದಲೇ ನೀರನ್ನು ಪರೀಕ್ಷಿಸಿಕೊಂಡರೆ ಈ ನಷ್ಟವನ್ನು ತಪ್ಪಿಸಬಹುದು.

ವಿಧಾನದ ತತ್ವ

ಈ ವಿಧಾನದಲ್ಲಿ ಕುಂಡದ ತಳದಲ್ಲಿ ತೂತು ಇರುವುದಿಲ್ಲ. ತಳದಿಂದ ಸುಮಾರು 3 ಸೆಂ.ಮೀ. ಎತ್ತರದಲ್ಲಿ, ಪಕ್ಕದ ಗೋಡೆಗೆ ಎರಡು ಮೂರು ತೂತುಗಳಿರುತ್ತವೆ. ಕುಂಡಕ್ಕೆ ಸುಟ್ಟು ಉಬ್ಬಿಸಿದ ಜೇಡಿಮಣ್ಣಿನ ಗುಂಡುಗಳನ್ನು ತುಂಬುತ್ತಾರೆ. ನೀರು ಹಾಕಿದಾಗ ಹೆಚ್ಚಿನದು ತೂತಿನಿಂದ ಹೊರಗೆ ಹರಿದು, ತಳದಲ್ಲಿ ಸ್ವಲ್ಪ ಉಳಿಯುತ್ತದೆ. ದೀಪದ ಬತ್ತಿ ಎಣ್ಣೆಯನ್ನು ಏರಿಸುವಂತೆ ಗುಂಡುಗಳು ಈ ನೀರನ್ನು ಮೇಲಕ್ಕೆ ಏರಿಸುತ್ತವೆ. ಗುಂಡುಗಳ ಸಂದಿನಲ್ಲಿ ಗಾಳಿ ಆಡುತ್ತದೆ. ಹೀಗಾಗಿ ಬೇರಿಗೆ ತೇವವೂ ಗಾಳಿಯೂ ಒಟ್ಟಿಗೆ ದೊರೆಯುತ್ತವೆ.

ತೆಂಗಿನ ಸಿಪ್ಪೆಯ ತುಂಡುಗಳನ್ನು ಈ ಕುಂಡಗಳಿಗೆ ತುಂಬಕೂಡದು. ಸದಾ ನೀರು ನಿಲ್ಲುವ ಕಡೆ ಅವು ಬೇಗ ಕೊಳೆತು ಗಾಳಿಯನ್ನು ತಡೆಯುತ್ತವೆ. ಹೊಸ ಗುಂಡುಗಳನ್ನು ಚೆನ್ನಾಗಿ ತೊಳೆದು, ಒಂದು ದಿನ ನೀರಿನಲ್ಲಿ ನೆನೆಸಿ, ಆ ನೀರನ್ನು ಚೆಲ್ಲಿ ಬಳಸಿರಿ. ಗಿಡದಲ್ಲಿ ಹೊಸ ಬೇರು ಮೂಡುತ್ತಿರುವಾಗಲೇ ಕುಂಡ ಬದಲಾಯಿಸುವುದು ಒಳ್ಳೆಯದು. ಹಳೆಯ ಬೇರುಗಳು ಹೊಸ ಪರಿಸರಕ್ಕೆ ಹೊಂದಿಕೊಳ್ಳುವುದು ಕಷ್ಟ.

'ಕುಡಿಯಲು ಸಿಹಿಯಾಗಿದೆ, ಗಿಡಕ್ಕೇನು?'

ಬೆಳೆಗಾರರು ಸಾಮಾನ್ಯವಾಗಿ ಕೇಳುವ ಪ್ರಶ್ನೆಯಿದು. ಭಾರತೀಯ ಮಾನಕದ ಪ್ರಕಾರ ಕುಡಿಯುವ ನೀರಿನಲ್ಲಿ ಲೀಟರಿಗೆ 500 ಮಿ.ಗ್ರಾಂವರೆಗೆ ಕರಗಿದ ಲವಣ ಸ್ವೀಕಾರಾರ್ಹ. ಬೇರೆ ನೀರು ಸಿಗದಿದ್ದಲ್ಲಿ 2000 ಮಿ.ಗ್ರಾಂವರೆಗೂ ಅನುಮತಿ ಇದೆ. 500 ಮಿ.ಗ್ರಾಂ ಲವಣವೆಂದರೆ ವಿದ್ಯುತ್ ವಾಹಕತೆ ಸುಮಾರು 0.8 ಡೆಸಿಸೀಮನ್ಸ್. ರಾಗಿಗೆ, ಹಿಪ್ಪುನೇರಳೆಗೆ ಇದರಿಂದ ತೊಂದರೆಯಿಲ್ಲ. ಆದರೆ ಆರ್ಕಿಡ್‌ಗೆ ಗೊಬ್ಬರವೂ ಸೇರಿ ಒಟ್ಟು ವಾಹಕತೆ 1.0 ಮೀರಬಾರದು. ನೀರೇ 0.8 ಇದ್ದರೆ ಗೊಬ್ಬರಕ್ಕೆ ಉಳಿಯುವ ಜಾಗ ಎಷ್ಟು?

ಇನ್ನೊಂದು ಲೆಕ್ಕ ನೋಡಿ. ಒಂದು ಕುಂಡ ದಿನಕ್ಕೆ 100 ಮಿ.ಲೀ. ನೀರನ್ನು ಕಳೆದುಕೊಳ್ಳುತ್ತದೆ, ನೀವು ಅಷ್ಟನ್ನೇ ತುಂಬುತ್ತೀರಿ, ಹೊರಗೆ ಹರಿಯಲು ಬಿಡುವುದಿಲ್ಲ ಎಂದುಕೊಳ್ಳಿ. ತಿಂಗಳಿಗೆ 3 ಲೀಟರ್ ನೀರು, ಅದರೊಂದಿಗೆ 1.5 ಗ್ರಾಂ ಲವಣ ಒಳಗೆ ಹೋಯಿತು. ನೀರು ಆವಿಯಾಗುತ್ತದೆ, ಲವಣ ಆವಿಯಾಗುವುದಿಲ್ಲ. ಗಿಡ ಹೀರುವುದು ಅದರಲ್ಲಿ ಸ್ವಲ್ಪ ಭಾಗ ಮಾತ್ರ. ಉಳಿದದ್ದು ತಳದ 200 ಮಿ.ಲೀ. ನೀರಿನಲ್ಲಿ ಮತ್ತು ಗುಂಡುಗಳ ಮೇಲೆ ಸೇರುತ್ತದೆ. ಎಲ್ಲವೂ ತಳದಲ್ಲೇ ಉಳಿದರೆ ಅದು ಲೀಟರಿಗೆ 7.5 ಗ್ರಾಂ, ಅಂದರೆ ಸಮುದ್ರದ ನೀರಿನ ಉಪ್ಪಿನ ಐದನೇ ಒಂದು ಭಾಗಕ್ಕಿಂತ ಹೆಚ್ಚು! ಹೊಲದಲ್ಲಾದರೆ ಒಂದು ಒಳ್ಳೆಯ ಮಳೆ ಉಪ್ಪನ್ನು ಕೆಳಕ್ಕೆ ಇಳಿಸುತ್ತದೆ. ಕುಂಡದಲ್ಲಿ ಆ ಕೆಲಸವನ್ನು ನೀವೇ ಮಾಡಬೇಕು.

ಪರೀಕ್ಷಾ ವರದಿಯಲ್ಲಿ ನೋಡಬೇಕಾದದ್ದು

ನೀರಿನ ಮಾದರಿಯನ್ನು ಹತ್ತಿರದ ಕೃಷಿ ವಿಜ್ಞಾನ ಕೇಂದ್ರ ಅಥವಾ ಮಣ್ಣು ಮತ್ತು ನೀರು ಪರೀಕ್ಷಾ ಪ್ರಯೋಗಾಲಯಕ್ಕೆ ಕೊಟ್ಟು ಈ ಅಂಶಗಳನ್ನು ತಿಳಿದುಕೊಳ್ಳಿ:

1. ವಿದ್ಯುತ್ ವಾಹಕತೆ: 0.25ಕ್ಕಿಂತ ಕಡಿಮೆ ಉತ್ತಮ, 0.5ರವರೆಗೆ ಎಚ್ಚರಿಕೆಯಿಂದ ಬಳಸಬಹುದು.
2. ರಸಸಾರ: ಗೊಬ್ಬರ ಬೆರೆಸಿದ ಮೇಲೆ 5.5ರಿಂದ 6.5 ಇರಬೇಕು.
3. ಬೈಕಾರ್ಬೊನೇಟ್: ಲೀಟರಿಗೆ 60 ಮಿ.ಗ್ರಾಂ ಉತ್ತಮ, 120 ಮೀರಿದರೆ ಸರಿಪಡಿಸಲೇಬೇಕು.
4. ಸೋಡಿಯಂ: ಲೀಟರಿಗೆ 50 ಮಿ.ಗ್ರಾಂಗಿಂತ ಕಡಿಮೆ.
5. ಕ್ಲೋರೈಡ್: ಲೀಟರಿಗೆ 70 ಮಿ.ಗ್ರಾಂಗಿಂತ ಕಡಿಮೆ.

ನಮ್ಮ ಬಯಲುಸೀಮೆಯ ಅನೇಕ ಕೊಳವೆ ಬಾವಿಗಳಲ್ಲಿ ಬೈಕಾರ್ಬೊನೇಟ್ ಅಧಿಕ. ಅದು ರಸಸಾರವನ್ನು ದಿನೇ ದಿನೇ ಏರಿಸುತ್ತದೆ. ಆಗ ಕಬ್ಬಿಣಾಂಶ ಇದ್ದರೂ ಗಿಡಕ್ಕೆ ದಕ್ಕುವುದಿಲ್ಲ. ಎಳೆಯ ಎಲೆಯ ನರಗಳು ಹಸಿರಾಗಿಯೇ ಉಳಿದು ನಡುವಿನ ಭಾಗ ಹಳದಿಯಾಗುತ್ತದೆ.

ಸರಿಪಡಿಸುವ ಬಗೆ

ಎಲ್ಲಕ್ಕಿಂತ ಸುಲಭ ಹಾಗೂ ಅಗ್ಗದ ಉಪಾಯ ಮಳೆನೀರು. 100 ಚದರ ಮೀಟರ್ ಸೂರಿನ ಮೇಲೆ 10 ಮಿ.ಮೀ. ಮಳೆ ಬಿದ್ದರೆ 1000 ಲೀಟರ್ ನೀರಾಗುತ್ತದೆ. ಸೋರಿಕೆ ಕಳೆದು 800 ಲೀಟರ್ ಎಂದು ಹಿಡಿದರೂ, ವರ್ಷಕ್ಕೆ 900 ಮಿ.ಮೀ. ಮಳೆ ಬೀಳುವಲ್ಲಿ 72,000 ಲೀಟರ್ ಸಂಗ್ರಹಿಸಬಹುದು. ಮೊದಲ ಮಳೆಯ ನೀರನ್ನು ಹೊರಗೆ ಬಿಡಿ. ತೊಟ್ಟಿಗೆ ಬೆಳಕು ಬೀಳದಂತೆ ಮುಚ್ಚಿರಿ. ಇಲ್ಲವಾದರೆ ಪಾಚಿ ಕಟ್ಟುತ್ತದೆ. ಮಳೆನೀರು ಸಾಲದಿದ್ದರೆ ಕೊಳವೆ ಬಾವಿ ನೀರಿನೊಂದಿಗೆ ಸಮಪಾಲು ಬೆರೆಸಿ. ಲವಣ ಹಾಗೂ ಬೈಕಾರ್ಬೊನೇಟ್ ಎರಡೂ ಹೆಚ್ಚು ಕಡಿಮೆ ಅರ್ಧಕ್ಕೆ ಇಳಿಯುತ್ತವೆ.

ಉಳಿದ ಬೈಕಾರ್ಬೊನೇಟನ್ನು ಆಮ್ಲದಿಂದ ತಗ್ಗಿಸಬಹುದು. ಲೀಟರಿಗೆ 61 ಮಿ.ಗ್ರಾಂನಷ್ಟು ತಗ್ಗಿಸಲು 100 ಲೀಟರ್ ನೀರಿಗೆ ಶೇಕಡಾ 85ರ ಫಾಸ್ಫಾರಿಕ್ ಆಮ್ಲ ಸುಮಾರು 7 ಮಿ.ಲೀ. ಬೇಕು. ಇದರಿಂದಲೇ ಲೀಟರಿಗೆ 31 ಮಿ.ಗ್ರಾಂ ರಂಜಕ ಸೇರುತ್ತದೆ. ಆದ್ದರಿಂದ ಇದಕ್ಕಿಂತ ಹೆಚ್ಚು ಆಮ್ಲ ಬಳಸದೆ ಮಳೆನೀರಿನ ಪಾಲನ್ನೇ ಹೆಚ್ಚಿಸಿ. ಕೈಗವಸು, ಕನ್ನಡಕ ಧರಿಸಿ, ಆಮ್ಲವನ್ನು ನೀರಿಗೆ ಹಾಕಬೇಕು. ನೀರನ್ನು ಆಮ್ಲಕ್ಕೆ ಎಂದಿಗೂ ಸುರಿಯಕೂಡದು.

ಗಡಸು ನೀರನ್ನು ಮೆದುಗೊಳಿಸುವ, ಅಡಿಗೆ ಉಪ್ಪು ಬಳಸುವ ಯಂತ್ರದ ನೀರು ಆರ್ಕಿಡ್‌ಗೆ ಬೇಡವೇ ಬೇಡ. ಆ ಯಂತ್ರ ಸುಣ್ಣದ ಅಂಶವನ್ನು ತೆಗೆದು ಅದರ ಬದಲು ಸೋಡಿಯಂ ಸೇರಿಸುತ್ತದೆ. ಆರ್.ಓ. ಯಂತ್ರದ ಶುದ್ಧ ನೀರು ಒಳ್ಳೆಯದು, ಆದರೆ ಅದರಿಂದ ಹೊರಬೀಳುವ ತ್ಯಾಜ್ಯ ನೀರಿನಲ್ಲಿ ಲವಣ ಇನ್ನೂ ಸಾಂದ್ರವಾಗಿರುತ್ತದೆ. ನಲ್ಲಿಯ ನೀರನ್ನು ತೆರೆದ ತೊಟ್ಟಿಯಲ್ಲಿ ಒಂದು ದಿನ ಬಿಟ್ಟು ಬಳಸಿರಿ. 2024ರ ಬೇಸಿಗೆಯಲ್ಲಿ ಬೆಂಗಳೂರಿನ ಸುತ್ತ ಕೊಳವೆ ಬಾವಿಗಳು ಬತ್ತಿ ಜನ ಟ್ಯಾಂಕರ್ ನೀರನ್ನೇ ನೆಚ್ಚಬೇಕಾಯಿತು. ಅಂಥ ಸಮಯದಲ್ಲಿ ಒಂದೊಂದು ಟ್ಯಾಂಕರಿನ ನೀರೂ ಒಂದೊಂದು ಬಗೆ. ಕೈಯಲ್ಲಿ ಹಿಡಿಯುವ ವಾಹಕತೆ ಮಾಪಕದಿಂದ ಪ್ರತಿ ಸಲವೂ ಅಳೆಯುವುದು ಕ್ಷೇಮ.

ಗೊಬ್ಬರ

ಜೇಡಿಮಣ್ಣಿನ ಗುಂಡುಗಳಲ್ಲಿ ಯಾವ ಪೋಷಕಾಂಶವೂ ಇಲ್ಲ. ಎಲ್ಲವನ್ನೂ ನೀರಿನಲ್ಲೇ ಒದಗಿಸಬೇಕು. ಯೂರಿಯಾ ರೂಪದ ಸಾರಜನಕವನ್ನು ಒಡೆಯುವ ಸೂಕ್ಷ್ಮಜೀವಿಗಳು ಇಲ್ಲಿ ಮಣ್ಣಿನಲ್ಲಿರುವಷ್ಟು ಇರುವುದಿಲ್ಲ. ಪ್ರಚಾರದಲ್ಲಿರುವ 19:19:19 ಗೊಬ್ಬರದ ಸಾರಜನಕದಲ್ಲಿ ಅರ್ಧಕ್ಕಿಂತ ಹೆಚ್ಚು ಯೂರಿಯಾ ರೂಪದಲ್ಲಿದ್ದು, ಸುಣ್ಣದ ಅಂಶವೂ ಅದರಲ್ಲಿಲ್ಲ. ಆದುದರಿಂದ ನೈಟ್ರೇಟ್ ಗೊಬ್ಬರಗಳೇ ಮೇಲು. ಮಳೆನೀರಿಗೆ ಈ ಮಿಶ್ರಣ ಹೊಂದುತ್ತದೆ:

100 ಲೀಟರ್ ನೀರಿಗೆ
ಕ್ಯಾಲ್ಸಿಯಂ ನೈಟ್ರೇಟ್ – 30 ಗ್ರಾಂ
ಪೊಟ್ಯಾಸಿಯಂ ನೈಟ್ರೇಟ್ (13:0:45) – 20 ಗ್ರಾಂ
ಮೋನೋ ಪೊಟ್ಯಾಸಿಯಂ ಫಾಸ್ಫೇಟ್ (0:52:34) – 5 ಗ್ರಾಂ
ಮೆಗ್ನೀಷಿಯಂ ಸಲ್ಫೇಟ್ – 15 ಗ್ರಾಂ
ಲಘು ಪೋಷಕಾಂಶಗಳ ಮಿಶ್ರಣ – ಪೊಟ್ಟಣದ ಮೇಲೆ ಸೂಚಿಸಿದಂತೆ

ಇದರಿಂದ ಲೀಟರಿಗೆ ಸುಮಾರು 70 ಮಿ.ಗ್ರಾಂ ಸಾರಜನಕ ದೊರೆಯುತ್ತದೆ, ವಾಹಕತೆ 0.7ರಿಂದ 0.8 ಬರುತ್ತದೆ. ಎಳೆಯ ಸಸಿಗಳಿಗೆ ಇದರ ಅರ್ಧ ಸಾಕು. ನಿಮ್ಮ ನೀರಿನ ವಾಹಕತೆಯೇ 0.4 ಇದ್ದರೆ ಎಲ್ಲವನ್ನೂ ಮುಕ್ಕಾಲು ಪಾಲಿಗೆ ಇಳಿಸಿ. ಫಾಸ್ಫಾರಿಕ್ ಆಮ್ಲ ಬಳಸಿದ್ದರೆ 0:52:34 ಬಿಟ್ಟುಬಿಡಿ.

ಸಾಂದ್ರ ದ್ರಾವಣ ಮಾಡಿಟ್ಟುಕೊಳ್ಳುವುದಾದರೆ ಕ್ಯಾಲ್ಸಿಯಂ ನೈಟ್ರೇಟಿಗೆ ಒಂದು ಡಬ್ಬ, ಉಳಿದವಕ್ಕೆ ಇನ್ನೊಂದು ಡಬ್ಬ ಇರಲಿ. ಒಟ್ಟಿಗೆ ಬೆರೆಸಿದರೆ ಸುಣ್ಣದ ಅಂಶ ಸಲ್ಫೇಟ್ ಮತ್ತು ಫಾಸ್ಫೇಟ್‌ಗಳೊಂದಿಗೆ ಸೇರಿ ಬಿಳಿ ಗಸಿಯಾಗಿ ತಳಕ್ಕೆ ಇಳಿಯುತ್ತದೆ, ಗೊಬ್ಬರ ದಂಡವಾಗುತ್ತದೆ.

ಕೊಡುವ ಕ್ರಮ

ತಳದ ನೀರು ಬಹುಪಾಲು ಇಂಗಿದಾಗ ನೀರು ಕೊಡಿ. ಮೇಲಿನಿಂದ ಧಾರಾಳವಾಗಿ ಸುರಿದು, ತೂತಿನಿಂದ ಚೆನ್ನಾಗಿ ಹರಿದುಹೋಗಲು ಬಿಡಿ. ಮೂರು ಸಲ ಗೊಬ್ಬರದ ನೀರು ಕೊಟ್ಟರೆ ನಾಲ್ಕನೆಯ ಸಲ ಬರಿಯ ಮಳೆನೀರಿನಿಂದ ತೊಳೆಯಿರಿ. ಹೊಸ ಚಿಗುರು, ಬೇರು ಇಲ್ಲದ ಕಾಲದಲ್ಲಿ ಗೊಬ್ಬರವನ್ನು ಕಡಿಮೆ ಮಾಡಿ.

ತಿಂಗಳಿಗೊಮ್ಮೆ ಐದಾರು ಕುಂಡಗಳಿಂದ ಹೊರಬರುವ ನೀರನ್ನು ಹಿಡಿದು ಅಳೆಯಿರಿ. ನೀವು ಕೊಟ್ಟ ದ್ರಾವಣಕ್ಕಿಂತ ಅದರ ವಾಹಕತೆ 0.5ರಷ್ಟು ಹೆಚ್ಚಿದ್ದರೆ ಉಪ್ಪು ಸೇರುತ್ತಿದೆ ಎಂದರ್ಥ. ಕೂಡಲೇ ಕುಂಡದ ಗಾತ್ರದ ಎರಡರಷ್ಟು ಶುದ್ಧ ನೀರಿನಿಂದ ತೊಳೆಯಿರಿ. ಮಾಪಕ ಇಲ್ಲದಿದ್ದರೂ ಕಣ್ಣು ಇದೆ: ಗುಂಡುಗಳ ಮೇಲೆ ಬಿಳಿ ಪೊರೆ, ಎಲೆಯ ತುದಿ ಕಂದಾಗಿ ಒಣಗುವುದು, ಹಸಿರಾಗಿರಬೇಕಾದ ಬೇರಿನ ತುದಿ ಕಪ್ಪಾಗುವುದು ಇದರ ಗುರುತುಗಳು. ಇವು ಕಂಡಾಗ ಗೊಬ್ಬರ ಹೆಚ್ಚಿಸುವುದಾಗಲಿ, ಔಷಧಿ ಹೊಡೆಯುವುದಾಗಲಿ ಮಾಡದೆ ಮೊದಲು ತೊಳೆಯಿರಿ.

ಆರ್ಕಿಡ್ ಬೆಳೆಯಲು ಮನಸ್ಸಿದ್ದವರು ಸಸಿಗೆ ಮುಂಗಡ ಕೊಡುವ ಮೊದಲು ಒಂದು ಬಾಟಲಿ ನೀರನ್ನು ಪ್ರಯೋಗಾಲಯಕ್ಕೆ ಕೊಂಡೊಯ್ಯಿರಿ. ವಾಹಕತೆ 0.5 ಮೀರಿದ್ದರೆ, ಮೊದಲು ಮಳೆನೀರಿನ ತೊಟ್ಟಿ ಕಟ್ಟಿಸಿ, ಆಮೇಲೆ ಸಸಿ ತನ್ನಿರಿ.